ಸೇವೆಗೆ ಶಾಲೆ ಕಟ್ಟಿದ ಯತಿವರ್ಯರು: ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು

ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದವರು ನಡೆಸುವ ದೊಡ್ಡ ಆಸ್ಪತ್ರೆಗೆ ಹಾನಗಲ್ಲ ಶ್ರೀ ಕುಮಾರೇಶ್ವರರ ಹೆಸರಿದೆ. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ರೋಗಿಗಳ ಮಂಚದ ಬಳಿ ನಿಂತು ಪಾಠ ಕಲಿಯುವುದು ಅಲ್ಲಿಯೇ. ಜನರ ನಾಲಿಗೆಯಲ್ಲಿ ಆ ಹೆಸರು ಸವೆದು ಎಚ್‌.ಎಸ್‌.ಕೆ. ಎಂಬ ಮೂರು ಅಕ್ಷರಗಳಾಗಿ ಉಳಿದಿದೆ. ದಿನವೂ ಆ ಮೂರು ಅಕ್ಷರಗಳನ್ನು ಉಚ್ಚರಿಸುವ ಎಳೆಯರಲ್ಲಿ ಎಷ್ಟು ಮಂದಿಗೆ ಅವುಗಳ ಹಿಂದಿರುವ ಮಹಾನುಭಾವರ ಪರಿಚಯವಿರುವುದೋ ಹೇಳುವುದು ಕಷ್ಟ. ನಮ್ಮ ಹೆಸರಘಟ್ಟದ ಕಡೆಯ ಮಕ್ಕಳಲ್ಲಿಯಂತೂ ಆ ಪರಿಚಯ ಇನ್ನೂ ತೆಳುವಾದುದು. ಆದರೆ ಇಂದು ಶಾಲೆ ಮುಗಿಸಿ ಶುಶ್ರೂಷೆ, ಸಮಾಜಕಾರ್ಯ, ವಿಶೇಷ ಮಕ್ಕಳ ಶಿಕ್ಷಣ ಮೊದಲಾದ ವ್ಯಾಸಂಗಗಳಿಗೆ ಸೇರಿ, ಪರರಿಗೆ ನೆರವಾಗುವುದನ್ನೇ ಜೀವನದ ವೃತ್ತಿಯಾಗಿ ಮಾಡಿಕೊಳ್ಳಬೇಕೆಂದು ಬಯಸುವ ಹುಡುಗ ಹುಡುಗಿಯರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಅಂಥವರು ಮೊದಲು ಅರಿಯಬೇಕಾದ ಚರಿತ್ರೆಗಳಲ್ಲಿ ಈ ಯತಿಗಳ ಚರಿತ್ರೆಯೂ ಒಂದೆಂದು ನಾವು ತಿಳಿದಿದ್ದೇವೆ. ಸೇವೆ ಮಾಡಲು ಒಳ್ಳೆಯ ಮನಸ್ಸೊಂದೇ ಸಾಲದು, ಅದಕ್ಕೂ ವರ್ಷಗಟ್ಟಲೆ ಕಲಿಕೆ ಬೇಕು ಎಂಬುದನ್ನು ಕನ್ನಡ ನಾಡಿನಲ್ಲಿ ಬಹು ಮುಂಚೆಯೇ ಕಂಡುಕೊಂಡು ಅದಕ್ಕಾಗಿ ಒಂದು ವಿದ್ಯಾಸ್ಥಾನವನ್ನೇ ಕಟ್ಟಿದವರು ಅವರು.

ಪೂಜ್ಯರು ಜನಿಸಿದ್ದು 1867ನೆಯ ಇಸವಿಯ ಸೆಪ್ಟೆಂಬರ್ 11ರಂದು, ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ. ಅಂದು ಅದು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ತಂದೆ ಬಸವಯ್ಯನವರು, ತಾಯಿ ನೀಲಮ್ಮನವರು. ಮಗುವಿಗೆ ಹಾಲಯ್ಯನೆಂದು ಹೆಸರಿಟ್ಟರು. ಮನೆತನದ ಅಡ್ಡಹೆಸರು ಸಾಲಿಮಠ. ಉತ್ತರದ ಸೀಮೆಯಲ್ಲಿ ಸಾಲಿ ಎಂದರೆ ಶಾಲೆ. ಸರಕಾರದ ಶಾಲೆಗಳು ಇನ್ನೂ ಹಳ್ಳಿಗಳನ್ನು ಮುಟ್ಟದಿದ್ದ ಕಾಲದಲ್ಲಿ ಊರ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುತ್ತಿದ್ದ ಜಂಗಮ ಮನೆತನಗಳಿಗೆ ಈ ಹೆಸರು ಬಂದುದುಂಟು. ಮುಂದೆ ಶಾಲೆಯನ್ನೇ ತಮ್ಮ ಬದುಕಾಗಿ ಮಾಡಿಕೊಂಡವರಿಗೆ ಹುಟ್ಟಿನಿಂದಲೇ ಇಂಥ ಹೆಸರು ದೊರೆತದ್ದನ್ನು ಕಾಕತಾಳೀಯವೆನ್ನುವವರು ಅನ್ನಲಿ.

ಬಡತನದ ಮನೆ. ಬಾಲಕನಿಗೆ ಒಂಬತ್ತು ಹತ್ತು ವರ್ಷವಾಗಿದ್ದಾಗ, 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನೆಲ್ಲ ನಡುಗಿಸಿದ ಮಹಾಕ್ಷಾಮ ಬಂದಿತು. ಧಾರವಾಡ ಸೀಮೆಯೂ ಅದರ ಬಾಯಿಗೆ ಸಿಕ್ಕಿತು. ಹಸಿವು ಎಂಬ ಮಾತಿನ ಅರ್ಥವನ್ನು ಅವರು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ. ಊರಿನ ಓದು ಮುಗಿದ ಮೇಲೆ ಸಮೀಪದ ಕಜ್ಜರಿ ಗ್ರಾಮಕ್ಕೆ ಹೋಗಿ, ಕಂತಿಭಿಕ್ಷೆಯ ಅನ್ನವನ್ನುಂಡು ಓದು ಮುಂದುವರಿಸಿದರು. ಜೋಳಿಗೆ ಹಿಡಿದು ಮನೆಮನೆಯ ಮುಂದೆ ನಿಲ್ಲುವ ಹುಡುಗನಿಗೆ ಊರಿನ ಒಳಗು ಹೊರಗುಗಳೆರಡೂ ಕಾಣುತ್ತವೆ: ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾವ ಮನೆಯಲ್ಲಿ ಕಾಯಿಲೆಯವರಿದ್ದಾರೆ, ಯಾರ ಮನೆಯ ಮಗ ಓದು ಬಿಟ್ಟು ದನ ಕಾಯಲು ಹೋದ. ಇಂದು ಸಮಾಜಕಾರ್ಯದ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕಳುಹಿಸಿ ಕ್ಷೇತ್ರಕಾರ್ಯವೆಂದು ಮಾಡಿಸುವುದರ ಉದ್ದೇಶವೂ ಸುಮಾರಾಗಿ ಇದೇ ಅಲ್ಲವೇ?

ಆ ಕಾಲದಲ್ಲಿ ಮುಂಬಯಿ ಆಧಿಪತ್ಯದಲ್ಲಿ ಕನ್ನಡ ಓದಿನ ಕೊನೆಯ ಮೆಟ್ಟಲು ಮುಲ್ಕಿ ಪರೀಕ್ಷೆ. ಅದನ್ನು ದಾಟಿದವನಿಗೆ ಶಾಲಾ ಮಾಸ್ತರಿಕೆಯೋ ಕಚೇರಿಯ ಕಾರಕೂನಿಕೆಯೋ ಸಿಕ್ಕುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಹಾಲಯ್ಯನವರು ಧಾರವಾಡಕ್ಕೆ ಹೋಗಿ ಪರೀಕ್ಷೆಗೆ ಕುಳಿತರು; ತೇರ್ಗಡೆಯಾಗಲಿಲ್ಲ. ಮಹಾತ್ಮರ ಚರಿತ್ರೆಗಳಲ್ಲಿ ಇಂಥ ಸಂಗತಿಗಳನ್ನು ಮರೆಮಾಚುವುದು ವಾಡಿಕೆ. ನಾವು ಹಾಗೆ ಮಾಡುವುದಿಲ್ಲ. ಉಪಾಧ್ಯಾಯರಾದ ನಮ್ಮೆಲ್ಲರಿಗೂ ಪ್ರತಿವರ್ಷ ಫಲಿತಾಂಶದ ದಿನ ಅನುತ್ತೀರ್ಣನಾದ ಮಗುವಿನ ಮುಖ ನೋಡಬೇಕಾಗುತ್ತದೆ. ಆ ಹೊತ್ತಿಗೆ ನೆನಪಾಗಬೇಕಾದ ಸಂಗತಿ ಇದು. ಸರಕಾರದ ಪ್ರಮಾಣಪತ್ರವಿಲ್ಲದಿದ್ದರೂ ಅವರು ತಾಯಿಯ ತವರಾದ ಲಿಂಗದಹಳ್ಳಿಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳತೊಡಗಿದರು. ಕೆಲವು ಕಾಲ ಆ ಕೆಲಸ ನಡೆಯಿತು. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಸಂಸಾರದ ಹಾದಿಯನ್ನು ಒಲ್ಲದೆ, ತಾಯಿಯಿಂದ ಬೀಳ್ಕೊಂಡು, ಗುರುವನ್ನು ಅರಸುತ್ತ ಹೊರಟರು.

ಆ ಅರಸುವಿಕೆಯ ವರ್ಷಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢರ ಸನ್ನಿಧಿಯಲ್ಲಿ ವೇದಾಂತ ಶ್ರವಣ ಮಾಡಿದರು. ಅನಂತರ ಬಸವಲಿಂಗ ಸ್ವಾಮಿಗಳನ್ನು ಗುರುವಾಗಿ ಪಡೆದರು. ನಿಜಗುಣ ಶಿವಯೋಗಿಗಳ ತಪೋಭೂಮಿಯೆಂದು ಹೆಸರಾದ ಶಂಭುಲಿಂಗನ ಬೆಟ್ಟದಲ್ಲಿ ಸಾಧನೆ ನಡೆಸಿದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಹಾನಗಲ್ಲಿನ ವಿರಕ್ತಮಠದ ಹೊಣೆ ಅವರ ಹೆಗಲಿಗೆ ಬಂದಿತ್ತು. ಹಾಲಯ್ಯನವರು ಹಾನಗಲ್ಲ ಕುಮಾರ ಸ್ವಾಮಿಗಳಾದರು.

ಪಟ್ಟದ ಜೊತೆಯಲ್ಲಿಯೇ ಪರೀಕ್ಷೆಯೂ ಬಂದಿತೆನ್ನಬೇಕು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದೆ ಧಾರವಾಡ ಜಿಲ್ಲೆಗೂ ಹಬ್ಬಿತು. ಅದರ ಬೆನ್ನಿಗೆ 1899 ಮತ್ತು 1900ರ ಬರ. ಹಾನಗಲ್ಲ ಮಠದಲ್ಲಿ ಹಸಿದು ಬಂದವರಿಗೆ ಅನ್ನದಾಸೋಹ ನಡೆಯಿತು. ಮಕ್ಕಳಿಗಾಗಿ ಸಂಸ್ಕೃತ ಪಾಠಶಾಲೆಯೂ ನಡೆಯಿತು. ದಾಸೋಹ ನಮ್ಮ ಮಠಗಳಿಗೆ ಹೊಸದಲ್ಲ. ಆದರೆ ಬರದ ದಾಸೋಹವನ್ನು ಕಣ್ಣಾರೆ ನಡೆಸಿದವರಿಗೆ ಗೊತ್ತಿರುವ ಒಂದು ಮಾತುಂಟು: ಉಗ್ರಾಣದಲ್ಲಿ ಜೋಳವಿದ್ದರೆ ಸಾಲದು, ಅದನ್ನು ಅಳೆಯುವವನು, ಬೇಯಿಸುವವನು, ಬಡಿಸುವವನು, ಸಾಲಿನ ಕೊನೆಯಲ್ಲಿ ನಾಚಿ ನಿಂತ ಮುದುಕಿಯನ್ನು ಗುರುತಿಸುವವನು ಬೇಕು. ಅಂದಿನ ಮಠಗಳಲ್ಲಿ ಗದ್ದುಗೆಗಳಿದ್ದವು, ಭೂಮಿಗಳಿದ್ದವು, ಭಕ್ತರೂ ಇದ್ದರು. ಆ ಎಲ್ಲವನ್ನೂ ಜನರ ಉಪಯೋಗಕ್ಕೆ ತಿರುಗಿಸಬಲ್ಲ, ಓದುಬಲ್ಲ, ಶೀಲವಂತರಾದ ಸ್ವಾಮಿಗಳು ಬೆರಳೆಣಿಕೆಯಷ್ಟು. ಎಳೆಯ ವಯಸ್ಸಿನಲ್ಲಿಯೇ ಪಟ್ಟಕ್ಕೇರಿ, ಕಲಿಯಲು ಗುರುವಿಲ್ಲದೆ, ಕಲಿಸಲು ವಿದ್ಯೆಯಿಲ್ಲದೆ ಉಳಿದ ಮಠಾಧಿಪತಿಗಳು ಅನೇಕರಿದ್ದರು. ಸಮಾಜದ ದಾರಿದ್ರ್ಯಕ್ಕಿಂತಲೂ ಹೆಚ್ಚಾಗಿ ಈ ದಾರಿದ್ರ್ಯ ಶ್ರೀಗಳವರನ್ನು ಕಾಡಿತೆಂದು ಅವರ ಮುಂದಿನ ಕಾರ್ಯಗಳಿಂದ ತಿಳಿಯಬಹುದು.

1904ರಲ್ಲಿ ಶ್ರೀಗಳವರ ಪ್ರಯತ್ನದಿಂದ ಅಖಿಲ ಭಾರತ ವೀರಶೈವ ಮಹಾಸಭೆ ಸ್ಥಾಪನೆಯಾಯಿತು. ಧಾರವಾಡದಲ್ಲಿ ಕೂಡಿದ ಮೊದಲ ಅಧಿವೇಶನಕ್ಕೆ ಸಿರಸಂಗಿಯ ಲಿಂಗರಾಜ ದೇಸಾಯಿಯವರು ಅಧ್ಯಕ್ಷರು. ಮುಂದೆ 1906ರಲ್ಲಿ ತೀರಿಕೊಂಡ ಆ ದೊರೆಗಳು ತಮ್ಮ ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟು ಹೋದದ್ದು ಪ್ರಸಿದ್ಧವಾಗಿಯೇ ಇದೆ. ಎರಡನೆಯ ಅಧಿವೇಶನ 1905ರಲ್ಲಿ ನಮ್ಮ ಬೆಂಗಳೂರಿನಲ್ಲಿ, ಕೆ. ಪಿ. ಪುಟ್ಟಣ್ಣಚೆಟ್ಟಿಯವರ ಅಧ್ಯಕ್ಷತೆಯಲ್ಲಿ ನಡೆಯಿತು. ಇಲ್ಲಿ ಒಂದು ಸಣ್ಣ ಮಾತು. ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳಾಯಿ ನೀರು ಹರಿಯತೊಡಗಿ ಅಂದಿಗೆ ಸುಮಾರು ಹತ್ತು ವರ್ಷವಷ್ಟೇ ಆಗಿತ್ತು. ಧಾರವಾಡ, ಬಿಜಾಪುರ, ಸೊಲ್ಲಾಪುರಗಳ ಕಡೆಯಿಂದ ಬಂದ ಆ ಮಹನೀಯರು ಬೆಂಗಳೂರಿನಲ್ಲಿ ಬಾಯಾರಿಸಿಕೊಂಡಿದ್ದು ಬಹುಮಟ್ಟಿಗೆ ನಮ್ಮೂರ ನೀರಿನಿಂದಲೇ ಇದ್ದಿರಬೇಕು. ಈ ಮಾತಿಗೆ ಚರಿತ್ರೆಯಲ್ಲಿ ಬೆಲೆಯಿಲ್ಲದಿದ್ದರೂ ನಮ್ಮ ಊರಿನವರಿಗೆ ಸಂತೋಷವುಂಟು.

ಮಹಾಸಭೆಯ ಹೆಸರಿನಲ್ಲಿರುವ ಶಬ್ದವನ್ನು ಕುರಿತು ಸಮಾಜದಲ್ಲಿ ಅನೇಕ ಚರ್ಚೆಗಳು ನಡೆದಿವೆ. ಅದು ಈ ಲೇಖನದ ವಿಷಯವಲ್ಲ. ಶ್ರೀಗಳವರ ದೃಷ್ಟಿಯಲ್ಲಿ ಗುರುಪರಂಪರೆ, ವಿರಕ್ತಪರಂಪರೆಗಳವರೂ, ವ್ಯಾಪಾರಿಗಳೂ ಒಕ್ಕಲಿಗರೂ ವಕೀಲರೂ ಒಂದೇ ಚಪ್ಪರದ ಕೆಳಗೆ ಕುಳಿತು ವಿದ್ಯೆಯ ಮಾತಾಡುವುದೇ ಮುಖ್ಯವಾಗಿತ್ತು. ಸಭೆಯಲ್ಲಿ ಗೊತ್ತುವಳಿಗಳಾಗುತ್ತವೆ, ಅವನ್ನು ಹಳ್ಳಿಗೆ ಒಯ್ಯುವವರಾರು? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದೇ ಶಿವಯೋಗ ಮಂದಿರ.

1909ರಲ್ಲಿ, ಶ್ರೀಗಳವರಿಗೆ ನಲವತ್ತೊಂದು ವರ್ಷವಾಗಿದ್ದಾಗ, ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಮಂದಿರ ಆರಂಭವಾಯಿತು. ಇಳಕಲ್ಲಿನ ಶ್ರೀ ವಿಜಯ ಮಹಾಂತ ಸ್ವಾಮಿಗಳ ಬೆಂಬಲ ಅದಕ್ಕೆ ದೊರೆಯಿತು. ಪೇಟೆಯಿಂದ ದೂರ, ನದಿಯ ಸಪ್ಪಳದ ಬಳಿ, ಚಾಲುಕ್ಯರ ಗುಡಿಗಳ ನಾಡಿನಲ್ಲಿ ಆ ಸ್ಥಳ. ಮುಂದೆ ಮಠಗಳ ಹೊಣೆ ಹೊರಬೇಕಾದ ವಟುಗಳನ್ನೂ ಸಾಧಕರನ್ನೂ ಇಲ್ಲಿಗೆ ಕರೆತಂದು ವರ್ಷಗಟ್ಟಲೆ ಇರಿಸಿಕೊಂಡು ಸಿದ್ಧಗೊಳಿಸುವ ಏರ್ಪಾಡು. ಇಷ್ಟಲಿಂಗಪೂಜೆ, ಯೋಗ, ಸಂಸ್ಕೃತ, ಕನ್ನಡ, ಶಾಸ್ತ್ರಗ್ರಂಥಗಳ ಅಭ್ಯಾಸ ಇದ್ದೇ ಇದ್ದವು. ಅವುಗಳ ಜೊತೆಗೆ ಸಂಗೀತ, ಆಯುರ್ವೇದ, ಜನರೆದುರು ನಿಂತು ಮಾತಾಡುವ ಪ್ರವಚನಾಭ್ಯಾಸ. ಗೋಶಾಲೆಯಲ್ಲಿ ದನಗಳ ಆರೈಕೆ. ಆ ದನಗಳ ಸಗಣಿಯಿಂದಲೇ ಶಾಸ್ತ್ರೋಕ್ತವಾಗಿ ವಿಭೂತಿಯ ತಯಾರಿಕೆ. ಶಿವಯೋಗ ಮಂದಿರದ ವಿಭೂತಿಗಟ್ಟಿ ಇಂದಿಗೂ ನಮ್ಮ ಮನೆಗಳ ಜಗುಲಿಯ ಮೇಲಿದೆ. ಊರೂರಿನ ಮನೆಗಳ ಅಟ್ಟಗಳಲ್ಲಿ ಹುಳು ಹಿಡಿಯುತ್ತಿದ್ದ ತಾಡೋಲೆಯ ಕಟ್ಟುಗಳನ್ನು ಕೂಡಿಸಿ ಗ್ರಂಥಭಂಡಾರವನ್ನೂ ಏರ್ಪಡಿಸಿದರು.

ಈ ಪಾಠಕ್ರಮವನ್ನು ಸ್ವಲ್ಪ ನಿಂತು ನೋಡಬೇಕು. ಆಯುರ್ವೇದ ಏಕೆ? ಹಳ್ಳಿಯ ಮಠಕ್ಕೆ ಜನ ಬರುವುದು ಪೂಜೆಗೊಂದಕ್ಕೇ ಅಲ್ಲ. ಮಗುವಿಗೆ ಜ್ವರ ಬಂದರೆ, ಬಾಣಂತಿಗೆ ನಂಜಾದರೆ, ಹಾವು ಕಡಿದರೆ, ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಜಗಳವಾಡಿದರೆ ಮಠದ ಬಾಗಿಲಿಗೇ ಬರುವರು. ಬಂದವರಿಗೆ ತೀರ್ಥಪ್ರಸಾದದ ಜೊತೆಗೆ ಔಷಧವನ್ನೂ, ಸಮಾಧಾನದ ಮಾತನ್ನೂ ಕೊಡಬಲ್ಲ ಸ್ವಾಮಿ ಬೇಕು. ದನದ ಕೊಟ್ಟಿಗೆಯ ಕೆಲಸ ಏಕೆ? ನಾಳೆ ಗದ್ದುಗೆಯ ಮೇಲೆ ಕೂರುವವನು ಇಂದು ಸಗಣಿ ಬಾಚಿರಬೇಕು. ಕಾಯಕದ ಮಾತನ್ನು ಬಾಯಲ್ಲಿ ಆಡುವ ಮುನ್ನ ಕೈಗೆ ಅದರ ಪರಿಚಯವಾಗಿರಬೇಕು. ಮುಲ್ಕಿ ಪರೀಕ್ಷೆಯಲ್ಲಿ ಸೋತ ಶಾಲಾ ಮಾಸ್ತರರೊಬ್ಬರು ಈ ಏರ್ಪಾಡನ್ನು ಯೋಚಿಸಿದ್ದರೆಂಬುದು ನೆನಪಿನಲ್ಲಿದ್ದರೆ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿದೀತು.

ಹೊರಗಿನ ಜಗತ್ತಿನಲ್ಲಿಯೂ ಅದೇ ಕಾಲಕ್ಕೆ ಇಂಥದೇ ಯೋಚನೆ ಮೊಳೆಯುತ್ತಿತ್ತು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ದೀನಸೇವಕರಿಗಾಗಿ 1898ರಲ್ಲಿ ಬೇಸಗೆಯ ತರಗತಿಯೊಂದು ಆರಂಭವಾಗಿ, 1904ರಲ್ಲಿ ಅದು ವರ್ಷಾವಧಿಯ ಶಾಲೆಯಾಯಿತು. ನಮ್ಮ ದೇಶದಲ್ಲಿ ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿ, ಸೇರಿದವರಿಗೆ ಐದು ವರ್ಷಗಳ ಶಿಕ್ಷಣವನ್ನು ಗೊತ್ತುಮಾಡಿದರು. ಸಮಾಜಕಾರ್ಯವನ್ನು ಪದವಿಯ ಮಟ್ಟದಲ್ಲಿ ಕಲಿಸುವ ಮೊದಲ ವಿದ್ಯಾಲಯ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ತೆರೆದದ್ದು 1936ರಲ್ಲಿ. ಕ್ಲಿಫರ್ಡ್ ಮ್ಯಾನ್‌ಶಾರ್ಡ್ ಎಂಬ ಅಮೆರಿಕದ ಪಾದ್ರಿಗಳು ಅದರ ಮೊದಲ ನಿರ್ದೇಶಕರು. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ ಆರಂಭವಾದದ್ದು 1960ರಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಈ ವ್ಯಾಸಂಗ ಮುಂದೆ ಬಂದಿತು. ಶಿವಯೋಗ ಮಂದಿರವನ್ನು ಇವುಗಳ ಸಾಲಿನಲ್ಲಿ ನಿಲ್ಲಿಸಿ ಇದೇ ಮೊದಲೆಂದು ಜಂಭ ಕೊಚ್ಚಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಅಲ್ಲಿಯದು ಧಾರ್ಮಿಕ ಶಿಕ್ಷಣ, ಇವುಗಳದು ಲೌಕಿಕ. ಆದರೂ ಸೇವಕನನ್ನು ಮೊದಲು ಸಿದ್ಧಪಡಿಸಬೇಕೆಂಬ ಒಂದೇ ಯೋಚನೆ ಮಲಪ್ರಭೆಯ ದಂಡೆಯ ಮೇಲೂ ಅದೇ ದಶಕದಲ್ಲಿ ಹೊಳೆದಿತ್ತೆಂಬುದನ್ನು ನಮ್ಮ ಕಾಲೇಜುಗಳ ಪಠ್ಯಗಳಲ್ಲಿ ಒಂದು ಸಾಲಾದರೂ ಬರೆದರೆ ತಪ್ಪಾಗದು.

ಮಂದಿರ ನಿಂತದ್ದು ಭಕ್ತರ ಕಾಣಿಕೆಯಿಂದ. ಅದಕ್ಕಾಗಿ ಶ್ರೀಗಳವರು ಊರೂರು ಸುತ್ತಿದರು. ಕಜ್ಜರಿಯಲ್ಲಿ ಹೊಟ್ಟೆಗಾಗಿ ಹಿಡಿದ ಜೋಳಿಗೆಯನ್ನು ಈಗ ನೂರಾರು ಮಕ್ಕಳಿಗಾಗಿ ಹಿಡಿದರು. ಇಂದು ನಮ್ಮ ಸಂಸ್ಥೆಗಳಿಗೆ ಕೊಡುವ ದಾನಿಗಳು ಆ ಹಿಂದಿನ ದಾನಿಗಳ ಪರಂಪರೆಯವರೇ. ಹಿಡಿ ಜೋಳ ಕೊಟ್ಟ ಮುದುಕಿಯ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಶ್ರೀಗಳವರ ಕಾರ್ಯಗಳಲ್ಲಿ ನಮ್ಮ ಮನಸ್ಸನ್ನು ಹೆಚ್ಚು ಸೆಳೆಯುವುದು ಮಾತ್ರ ಕುರುಡು ಬಾಲಕನೊಬ್ಬನ ಕಥೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ; ಅವನ ಅಣ್ಣನಿಗೂ ಇರಲಿಲ್ಲ. ಕಂಠ ಮಾತ್ರ ದೇವರ ಕೊಡುಗೆ. ಅಂದಿನ ಹಳ್ಳಿಯಲ್ಲಿ ಕುರುಡ ಮಗುವಿನ ಮುಂದೆ ಇದ್ದ ದಾರಿ ಒಂದೇ, ಗುಡಿಯ ಬಾಗಿಲು. ಶ್ರೀಗಳವರು ಮಕ್ಕಳಿಗೆ ಅನ್ನ ಹಾಕಿ ಕೈತೊಳೆದುಕೊಳ್ಳಲಿಲ್ಲ. ಅವರಿಗೆ ವಿದ್ಯೆ ಕೊಡಿಸಿದರು. ಗದಿಗೆಯ್ಯನನ್ನು ಮೈಸೂರಿನವರೆಗೂ ಕಳುಹಿಸಿ ಕರ್ನಾಟಕ ಸಂಗೀತವನ್ನು ಕಲಿಸಿದರು. ಅನಂತರ ಹಿಂದುಸ್ತಾನಿ ಪದ್ಧತಿಯನ್ನೂ ಬಲ್ಲವರಿಂದ ಕಲಿಸಿದರು. ನೋಡಿದವರು ಕನಿಕರ ಪಟ್ಟು ಕಾಸು ಹಾಕಬಹುದಾಗಿದ್ದ ಆ ಬಾಲಕನೇ ಎರಡು ಪದ್ಧತಿಗಳಲ್ಲಿಯೂ ನಿಷ್ಣಾತರಾದ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು.

ಅವರು ಮುಂದೆ ಮಾಡಿದ್ದನ್ನು ಗಮನಿಸಬೇಕು. ತಾವು ಪಡೆದದ್ದನ್ನು ತಮ್ಮಂಥ ಅಂಧರಿಗೂ ಅನಾಥರಿಗೂ ಹಂಚಲು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದರು. ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೂ ನಡೆಸಿದರು. ಕೊನೆಗೆ ಗದಗಿನಲ್ಲಿ ನೆಲೆಗೊಂಡ ವೀರೇಶ್ವರ ಪುಣ್ಯಾಶ್ರಮ ಅವರ ತಪಸ್ಸಿನ ಫಲ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡವರು, ಅವರೂ ಹಾನಗಲ್ಲ ತಾಲ್ಲೂಕಿನವರು. 2010ರವರೆಗೆ ಬಾಳಿ ಸಾವಿರಾರು ಮಕ್ಕಳಿಗೆ ಸ್ವರವನ್ನೂ ಅನ್ನವನ್ನೂ ಕೊಟ್ಟರು. ಬಸವರಾಜ ರಾಜಗುರುಗಳಂಥ ಗಾಯಕರು ಬೆಳೆದುದು ಪಂಚಾಕ್ಷರ ಗವಾಯಿಗಳ ಕೈಯಲ್ಲಿ. ನೆರವು ಪಡೆದವನನ್ನು ನೆರವು ನೀಡುವವನನ್ನಾಗಿ ಮಾಡುವುದಕ್ಕಿಂತ ಹಿರಿದಾದ ಗುರಿ ಯಾವ ಸೇವಾಶಿಕ್ಷಣಕ್ಕೂ ಇರಲಾರದು. ಅದು ಇಲ್ಲಿ ಎರಡು ತಲೆಮಾರು ನಡೆಯಿತು.

ಶ್ರೀಗಳವರ ಕಾರ್ಯವನ್ನು ಆಕ್ಷೇಪಿಸಿದವರೂ ಉಂಟು. ಅದನ್ನು ಹೇಳದೆ ಬಿಟ್ಟರೆ ಚರಿತ್ರೆ ಸ್ತೋತ್ರವಾದೀತು. ಮಂದಿರ ಹುಟ್ಟಿದ್ದು ಮಠಾಧಿಕಾರಕ್ಕೆ ಬರುವ ಜಂಗಮ ವಟುಗಳಿಗಾಗಿ. ಶರಣರ ಮಾರ್ಗದಲ್ಲಿ ಜಂಗಮತ್ವ ಹುಟ್ಟಿನಿಂದ ಬರುವುದಲ್ಲವಾದ್ದರಿಂದ ಇತರ ಮನೆತನಗಳ ಮಕ್ಕಳಿಗೆ ಅಲ್ಲಿ ಎಡೆಯೇಕಿಲ್ಲವೆಂಬ ಪ್ರಶ್ನೆ ಎದ್ದಿತು. ಹೆಣ್ಣುಮಕ್ಕಳಿಗಂತೂ ಆ ಬಾಗಿಲು ಇರಲೇ ಇಲ್ಲ. ಪ್ರಶ್ನೆ ನ್ಯಾಯವಾದದ್ದೇ. ಅಂದಿನ ಮಠಗಳ ಕಟ್ಟಳೆಯೊಳಗೆ ನಿಂತು ಅವುಗಳನ್ನೇ ಸುಧಾರಿಸಹೊರಟವರಿಗೆ ಆ ಕಟ್ಟಳೆಯ ಮಿತಿ ತಪ್ಪಲಿಲ್ಲವೆಂದು ನಮಗೆ ತೋರುತ್ತದೆ. ಆದರೆ ಆ ಸಣ್ಣ ಬಾಗಿಲಿನಿಂದ ಹೊರಬಂದವರು ಮುಂದೆ ತೆರೆದ ಬಾಗಿಲುಗಳನ್ನೂ ಎಣಿಸಬೇಕು.

ಇಪ್ಪತ್ತೊಂದು ವರ್ಷ ಮಂದಿರವನ್ನು ಬೆಳೆಸಿ, 1930ರ ಫೆಬ್ರವರಿ 19ರಂದು, ಅರವತ್ತೆರಡರ ವಯಸ್ಸಿನಲ್ಲಿ ಶ್ರೀಗಳವರು ಲಿಂಗೈಕ್ಯರಾದರು. ಅವರ ಗದ್ದುಗೆ ಶಿವಯೋಗ ಮಂದಿರದಲ್ಲಿಯೇ ಇದೆ. ಅಲ್ಲಿ ಕಲಿತವರು ನಾಡಿನ ಮೂಲೆ ಮೂಲೆಗೆ ಹೋಗಿದ್ದರು. ನಾಗನೂರಿನ ಶ್ರೀ ಶಿವಬಸವ ಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯವನ್ನು ತೆರೆದರು. ಹಳ್ಳಿಯಿಂದ ಹಾಸಿಗೆ ಸುತ್ತಿಕೊಂಡು ಬಂದ ರೈತರ ಮಕ್ಕಳು ಅಲ್ಲಿ ಉಂಡು, ಕಾಲೇಜು ಕಲಿತು, ಉಪಾಧ್ಯಾಯರೂ ವೈದ್ಯರೂ ಅಧಿಕಾರಿಗಳೂ ಆದರು.

ಇನ್ನೊಬ್ಬರು ಭಾಲ್ಕಿಯ ಶ್ರೀ ಚನ್ನಬಸವ ಪಟ್ಟದ್ದೇವರು. 1890ರಲ್ಲಿ ಹುಟ್ಟಿ, ಶಿವಯೋಗ ಮಂದಿರದಲ್ಲಿ ಅಭ್ಯಾಸ ಮಾಡಿ, ಭಾಲ್ಕಿ ಹಿರೇಮಠದ ಹೊಣೆ ಹೊತ್ತು, 1999ರವರೆಗೆ ಬಾಳಿದ ಶತಾಯುಷಿಗಳು. ಆಗ ಬೀದರ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆಯ ಭಾಷೆ ಉರ್ದು. ಕನ್ನಡ ಶಾಲೆ ನಡೆಸುವುದು ಅಪಾಯದ ಕೆಲಸ. ಪಟ್ಟದ್ದೇವರು ಜಗಳಕ್ಕೆ ಹೋಗಲಿಲ್ಲ, ಕೈಕಟ್ಟಿ ಕೂರಲೂ ಇಲ್ಲ. ಬಾಗಿಲ ಮೇಲೆ ಉರ್ದು ಬೋರ್ಡು ತೂಗುಹಾಕಿದರು. ಒಳಗೆ ಮಕ್ಕಳನ್ನು ಸಾಲಾಗಿ ಕೂಡಿಸಿ ಕನ್ನಡ ಕಲಿಸಿದರು.